ಚಪ್ಪಾಳೆ ಮತವಲ್ಲ

ಮಡಚುವ ಸ್ಟೀಲಿನ ಕುರ್ಚಿ ಗಾಳಿಯಲ್ಲಿ ಹಾರುವಾಗ ಸದ್ದು ಮಾಡುವುದಿಲ್ಲ. ಸದ್ದು ಬರುವುದು ಅದು ಯಾರಿಗಾದರೂ ಬಡಿದಾಗ. ಬೆಂಗಳೂರಿನಲ್ಲಿ ವಿಧಾನಸಭೆಯ ಸಚಿವಾಲಯದಲ್ಲಿ ಕೆಲಸ ಮಾಡುತ್ತಿದ್ದಾಗ ಶಾಸಕರು ಕಾಗದ ಹರಿದು ತೂರಿದ್ದನ್ನು ಕಂಡಿದ್ದೆ, ತೋಳೇರಿಸಿ ಒಬ್ಬರ ಮೇಲೊಬ್ಬರು ಹೋದದ್ದನ್ನೂ ಕಂಡಿದ್ದೆ. ಕುರ್ಚಿ ಹಾರಿದ್ದನ್ನು ಕಂಡದ್ದು ಮಾತ್ರ ಅಮೆರಿಕದಲ್ಲಿ, ಶಿಕಾಗೊ ಹತ್ತಿರದ ಶಾಮ್‌ಬರ್ಗ್‌ನಲ್ಲಿ, ನಮ್ಮವರದೇ ಸಭೆಯಲ್ಲಿ, ಪೀಠದಲ್ಲಿ ನಾನೇ ಕೂತಿದ್ದಾಗ.

ನನ್ನ ಕಸುಬೇನೆಂದು ಯಾರಾದರೂ ಕೇಳಿದರೆ, ಜನರನ್ನು ನಿಯಮದ ಪ್ರಕಾರ ಜಗಳ ಆಡಿಸುವುದು ಎನ್ನುತ್ತೇನೆ. ಈ ದೇಶದಲ್ಲಿ ಅದಕ್ಕೂ ಜನ ಸಿಗುತ್ತಾರೆ. ಕಾರ್ಮಿಕ ಸಂಘದವರು, ಚರ್ಚಿನವರು, ಬಡಾವಣೆಯ ಮನೆಮಾಲೀಕರು ತಮ್ಮತಮ್ಮಲ್ಲಿ ಮಾತು ಬಿಟ್ಟಾಗ ಹೊರಗಿನವರೊಬ್ಬರನ್ನು ಕರೆಸಿ ಪೀಠದಲ್ಲಿ ಕೂರಿಸುತ್ತಾರೆ. ಯಾರು ಮೊದಲು ಮಾತಾಡಬೇಕು, ಯಾವುದನ್ನು ಮತಕ್ಕೆ ಹಾಕಬೇಕು, ಯಾರು ಯಾವಾಗ ಬಾಯಿ ಮುಚ್ಚಬೇಕು ಎಂದು ಹೇಳುವುದು ನನ್ನ ಕೆಲಸ. ಕನ್ನಡದವರು ಮಾತ್ರ ನನ್ನನ್ನು ಎಂದೂ ಈ ಕೆಲಸಕ್ಕೆ ಕರೆದಿರಲಿಲ್ಲ. ನಮ್ಮ ಸಂಘದಲ್ಲಿ ಎಲ್ಲವೂ ಚಪ್ಪಾಳೆಯಲ್ಲೇ ಮುಗಿದುಹೋಗುತ್ತಿತ್ತು. ಹೊಸ ಕಮಿಟಿಯ ಹೆಸರು ಓದಿದರೆ ಚಪ್ಪಾಳೆ, ಲೆಕ್ಕಪತ್ರ ಓದಿದರೆ ಚಪ್ಪಾಳೆ, ಅಲ್ಲಿಗೆ ನಿರ್ಣಯ ಪಾಸಾದಂತೆ. ಊಟಕ್ಕೆ ಮುಂಚೆ ಇದನ್ನೆಲ್ಲ ಮುಗಿಸುವ ಪದ್ಧತಿ ಇದ್ದುದರಿಂದ ಯಾರೂ ತಕರಾರು ತೆಗೆಯುತ್ತಿರಲಿಲ್ಲ.

ಶಿಕಾಗೊದ ಪಶ್ಚಿಮದ ಊರುಗಳಿಂದ ಹಿಡಿದು ಡೆಟ್ರಾಯ್ಟ್‌ವರೆಗಿನ ಕನ್ನಡ ಸಂಘಗಳದ್ದೆಲ್ಲ ಒಂದು ಒಕ್ಕೂಟವಿತ್ತು. ಹೊಡೆಯುವ ಗಂಡನಿಂದ ತಪ್ಪಿಸಿಕೊಂಡು ಬಂದ ಹೆಂಗಸರಿಗೆ ತಂಗಲು ಒಂದು ಮನೆ ನಡೆಸುವುದು ಒಕ್ಕೂಟದ ಕೆಲಸಗಳಲ್ಲೊಂದು. ಆ ಮನೆ ಇದ್ದದ್ದು ಅರೋರಾದಲ್ಲಿ, ದೇವಸ್ಥಾನದಿಂದ ಸ್ವಲ್ಪ ದೂರ. ಮನೆ ನಮ್ಮ ಸಂಘದ್ದು, ನಡೆಸುವವರು ಒಕ್ಕೂಟದ ಹೆಂಗಸರು. ಡೆಟ್ರಾಯ್ಟ್‌ನಿಂದಲೂ ಸರದಿಯ ಮೇಲೆ ಬಂದು ಅಲ್ಲಿ ಉಳಿಯುತ್ತಿದ್ದರು. ಪೂಜೆಯ ದೊಡ್ಡ ಪಾತ್ರೆಗಳೆಲ್ಲ ಅದೇ ಮನೆಯ ಗ್ಯಾರೇಜಿನಲ್ಲಿ ಇದ್ದುದರಿಂದ ಬೇಕಾದವರು ಬಾಗಿಲು ತೆರೆದು ಒಯ್ಯುವ ರೂಢಿಯೂ ಇತ್ತು.

ಆಗ ಆ ಮನೆಯಲ್ಲಿದ್ದವಳು ಮೈಸೂರಿನ ಒಬ್ಬ ಹುಡುಗಿ. ಹುಡುಗಿ ಎನ್ನುತ್ತೇನೆ, ಎರಡನೇ ಕ್ಲಾಸಿನ ಮಗಳಿದ್ದ ಹೆಂಗಸು. ಗಂಡ ಹೊಡೆದ ಏಟಿಗೆ ಎಡಗಿವಿಯ ತಮಟೆ ಹರಿದಿತ್ತು. ಅವಳ ಹತ್ತಿರ ಹೋಗಕೂಡದೆಂದು ಕೋರ್ಟು ಅವನಿಗೆ ಆದೇಶ ಕೊಟ್ಟಿತ್ತು. ಅವನು ನಮ್ಮ ಸಂಘದ ಆಜೀವ ಸದಸ್ಯ, ಪ್ರತಿ ರಾಜ್ಯೋತ್ಸವಕ್ಕೂ ವೇದಿಕೆಯ ದೀಪದ ಕೆಲಸ ಅವನದೇ. ಎಲ್ಲರ ಬಾಯಲ್ಲೂ ಅವನು ‘ಒಳ್ಳೆ ಹುಡುಗ’.

ಯುಗಾದಿ ಕಾರ್ಯಕ್ರಮದಲ್ಲಿ ನಮ್ಮ ಅಧ್ಯಕ್ಷರು ಮೈಕು ಹಿಡಿದರು. ಸ್ವಭಾವತಃ ಕೆಟ್ಟವರಲ್ಲ, ಮಾತು ಸ್ವಲ್ಪ ಜಾಸ್ತಿ. "ಡೆಟ್ರಾಯ್ಟ್‌ನೋರು ನಮ್ಮ ಮನೆ ಒಳಗೆ ಬಂದು ನಮಗೇ ಬುದ್ಧಿ ಹೇಳಿದ್ದು ಸಾಕು. ಗಂಡ-ಹೆಂಡ್ತಿ ಮಧ್ಯೆ ಬರೋಕೆ ಇವರ್ಯಾರು? ನಾವು ಒಕ್ಕೂಟದಿಂದ ಹೊರಗೆ ಬರ್ತಾ ಇದೀವಿ. ಊಟ ರೆಡಿ ಇದೆ, ಹೋಳಿಗೆ ಬಿಸಿ ಇದೆ, ಬನ್ನಿ!" ಸಭಾಂಗಣ ಪೂರ್ತಿ ಚಪ್ಪಾಳೆ ಹೊಡೆಯಿತು. ಮಾರನೆಯ ದಿನವೇ ಅವರು ಒಕ್ಕೂಟಕ್ಕೆ ನೋಟಿಸು ಕಳಿಸಿಬಿಟ್ಟರು. ಸಂಘ ಅದನ್ನು ಹಿಂತೆಗೆದುಕೊಳ್ಳದಿದ್ದರೆ ಒಂದು ತಿಂಗಳಲ್ಲಿ ಅದು ಜಾರಿಗೆ ಬರುತ್ತದೆ. ಮನೆ ಕಮಿಟಿಯ ಕೈಗೆ ಬರುತ್ತದೆ, ಒಕ್ಕೂಟದ ಹೆಂಗಸರು ಜಾಗ ಖಾಲಿ ಮಾಡುತ್ತಾರೆ, ತಾಯಿ-ಮಗಳು ಹೊರಗೆ.

ನನ್ನ ನೇಪರ್‌ವಿಲ್ ಮನೆಗೆ ಬಂದವರು ಹುಬ್ಬಳ್ಳಿಯ ಆಂಟಿ. ನರ್ಸ್ ಕೆಲಸದಿಂದ ನಿವೃತ್ತರಾದವರು. ವಿಶೇಷ ಸಭೆ ಬೇಕೆಂದು ಸದಸ್ಯರ ಸಹಿ ಹಾಕಿಸಿಕೊಂಡೇ ಬಂದಿದ್ದರು.

"ನೋಡವಾ, ನಮಗ ನ್ಯಾಯ ಗೀಯ ಏನೂ ಬ್ಯಾಡ. ಒಂದು ಸಭಾ ಮಾಡಿಸಿಕೊಡು. ಆ ಕೂಸನ್ನ ಹೊರಗ ಹಾಕೂದಾದ್ರ ಮಂದಿ ಹಾಕ್ಲಿ. ಆದ್ರ ಕೈಯಾಗ ಹೋಳಿಗಿ ಹಿಡಕೊಂಡು ಹಾಕೂದು ಬ್ಯಾಡ."

ನಾನು ಒಪ್ಪಿದೆ. ಆಶ್ಚರ್ಯವೆಂದರೆ ಅಧ್ಯಕ್ಷರೂ ಒಪ್ಪಿದರು. "ರೂಲ್ಸ್ ಪ್ರಕಾರ ಮಾಡಿ ಮೇಡಂ, ನಂಗೇನೂ ಅಭ್ಯಂತರ ಇಲ್ಲ. ಚಪ್ಪಾಳೆದು ವಿಡಿಯೋನೇ ಇದೆಯಲ್ಲ," ಎಂದು ನಕ್ಕರು.

ನಾನು ಸದಸ್ಯರಿಗೆಲ್ಲ ಸಭೆಯ ನೋಟಿಸು ಕಳಿಸಿದೆ. ಪ್ರಶ್ನೆ ಒಂದೇ: ಒಕ್ಕೂಟದಲ್ಲಿ ಇರಬೇಕೋ, ಬಿಡಬೇಕೋ. ಮತ ಗುಪ್ತವಾಗಿ, ಕಾಗದದ ಮೇಲೆ. ಖುದ್ದಾಗಿ ಬಂದವರಿಗೆ ಮಾತ್ರ. ಕೊನೆಯ ಸಾಲು ಹೀಗಿತ್ತು: ಮತ ಕುಟುಂಬಕ್ಕೊಂದಲ್ಲ, ವಯಸ್ಕ ಸದಸ್ಯರಿಗೆ ತಲೆಗೊಂದು. ನಮ್ಮಲ್ಲಿ ಫ್ಯಾಮಿಲಿ ಮೆಂಬರ್‌ಶಿಪ್ ಎಂದರೆ ಮನೆಗೆ ಒಂದೇ ಮತ, ಅದು ಗಂಡನ ಕೈ ಎಂದು ಎಲ್ಲರೂ ತಿಳಿದಿದ್ದರು. ಬೈಲಾದಲ್ಲಿ ಹಾಗೆಲ್ಲೂ ಬರೆದಿರಲಿಲ್ಲ.

ಎರಡು ದಿನ ಬಿಟ್ಟು ಬೆಳಿಗ್ಗೆ ಬಾಗಿಲು ತೆಗೆದರೆ ನನ್ನ ಕಾರಿಗೆ ಈಡುಗಾಯಿ ಹೊಡೆದಿದ್ದರು. ಮುಂದಿನ ಗಾಜು ಪುಡಿಪುಡಿ, ತೆಂಗಿನಕಾಯಿಯ ಅರ್ಧ ಹೋಳು ಡ್ರೈವರ್ ಸೀಟಿನಲ್ಲಿ, ಬಾನೆಟ್ಟಿನ ಮೇಲೆ ಕುಂಕುಮ. ನಾಲ್ಕೂ ಟೈರು ಕೊಯ್ದಿದ್ದರು. ಬಂದ ಪೊಲೀಸಿನವನು ಕುಂಕುಮ ಮುಟ್ಟಿ ನೋಡಿ, ಇದು ನಿಮ್ಮ ಧಾರ್ಮಿಕ ವಿಧಿಯೇ ಎಂದು ಬಹಳ ಗೌರವದಿಂದ ಕೇಳಿದ. ಹೌದು, ಆದರೆ ಟೈರು ಕೊಯ್ಯುವ ಭಾಗ ಹೊಸದು ಎಂದೆ. ತಮಾಷೆ ಮಾಡಿದೆನೇ ಹೊರತು ಭಯವಾಗಿತ್ತು. ಸೀಟಿನಲ್ಲಿದ್ದ ಆ ಹೋಳು ನಾನು ಕೂತರೆ ಹೊಟ್ಟೆ ಇರುವ ಜಾಗಕ್ಕೇ ಬಿದ್ದಿತ್ತು. ಆಮೇಲೆ ಭಯ ಹೋಗಿ ಸಿಟ್ಟು ಬಂತು. ನನಗೆ ಸಿಟ್ಟು ಬಂದರೆ ಬೈಲಾ ಓದುತ್ತೇನೆ.

ಅದೇ ವಾರ ಆ ಹುಡುಗಿ ಫೋನ್ ಮಾಡಿದಳು. ಬಲಗಿವಿಗೆ ಫೋನ್ ಹಿಡಿದು ಸ್ವಲ್ಪ ಜೋರಾಗಿಯೇ ಮಾತಾಡಿದಳು.

"ಮೇಡಂ, ನಾನೂ ಮೆಂಬರ್ರೇ ಅಲ್ವಾ?"

"ಹೌದಮ್ಮ."

"ಹಾಗಾದ್ರೆ ನಾನೂ ಬಂದು ಓಟು ಹಾಕ್ತೀನಿ. ನನ್ನ ಬಗ್ಗೆ ಎಲ್ರೂ ಓಟು ಹಾಕ್ತಾರೆ, ನಾನೊಬ್ಳು ಮನೇಲಿ ಕೂತಿರೋಕಾಗಲ್ಲ."

ಬರಬೇಡ ಎನ್ನಬೇಕೆಂದು ನಾಲಿಗೆಯ ತುದಿಗೆ ಬಂದಿತ್ತು. ಗಂಡನೂ ಸದಸ್ಯ, ಅವನೂ ಬರುತ್ತಾನೆ. ಆದರೆ ತಲೆಗೊಂದು ಮತ ಎಂದು ಬರೆದವಳು ನಾನೇ. ಒಂದು ಏರ್ಪಾಡು ಮಾಡಿದೆವು. ಹುಬ್ಬಳ್ಳಿಯ ಆಂಟಿ ತಮ್ಮ ಕಾರಿನಲ್ಲಿ ತಾಯಿ-ಮಗಳನ್ನು ಕರೆತಂದು ಪಾರ್ಕಿಂಗ್ ಲಾಟಿನ ದೂರದ ತುದಿಯಲ್ಲಿ ಕೂರಿಸುವುದು, ಸೊಸೆಯನ್ನು ಕಾವಲಿಗೆ ಬಿಡುವುದು, ಮತದ ಕಾಗದವನ್ನು ನಾನೇ ಕಾರಿನ ಬಳಿಗೆ ಒಯ್ಯುವುದು. ಈ ವಿಷಯ ನಾಲ್ಕೈದು ಜನರಿಗೆ ಬಿಟ್ಟು ಯಾರಿಗೂ ಗೊತ್ತಿರಲಿಲ್ಲ.

ಸಭೆಯ ದಿನ ಶಾಮ್‌ಬರ್ಗ್‌ನ ಬಾಡಿಗೆ ಹಾಲ್ ತುಂಬಿತ್ತು. ಎಂದೂ ಬಾರದವರೂ ಬಂದಿದ್ದರು. ಡೆಟ್ರಾಯ್ಟ್‌ನಿಂದ ಒಕ್ಕೂಟದ ಪರವಾಗಿ ಒಬ್ಬಳು ವಾಲಂಟಿಯರ್ ಬೆಳಗಿನ ಜಾವ ಎದ್ದು ಡ್ರೈವ್ ಮಾಡಿಕೊಂಡು ಬಂದು ಮುಂದಿನ ಸಾಲಿನಲ್ಲಿ ಕೂತಿದ್ದಳು. ಆ ಹುಡುಗಿಯ ಗಂಡ ಹಿಂದಿನ ಸಾಲಿನಲ್ಲಿ, ಇಸ್ತ್ರಿ ಮಾಡಿದ ಜುಬ್ಬಾ ಹಾಕಿಕೊಂಡು.

ಮೊದಲಿಗೇ ಅಧ್ಯಕ್ಷರು ಎದ್ದರು. "ಈ ಸಭೆನೇ ಅನಾವಶ್ಯಕ. ಡಿಸಿಷನ್ ಆಗ್ಲೇ ಆಗಿದೆ," ಎಂದು ಪರದೆಯ ಮೇಲೆ ಯುಗಾದಿಯ ವಿಡಿಯೋ ಹಾಕಿಸಿದರು. ಚಪ್ಪಾಳೆ ಭೋರ್ಗರೆಯಿತು. ಇನ್ನೊಮ್ಮೆ ಹಾಕಿ ಎಂದೆ. ಎರಡನೇ ಸಲ ನೋಡುವಾಗ ಎಲ್ಲರಿಗೂ ಕಂಡಿತು, ‘ಹೊರಗೆ ಬರ್ತಾ ಇದೀವಿ’ ಎಂದಾಗ ಸಭೆ ಸುಮ್ಮನಿತ್ತು. ಕೈಗಳು ಮೇಲೆದ್ದದ್ದು ಹೋಳಿಗೆಗೆ. ಕೆಲವರು ನಕ್ಕರು.

ನಾನು ಸಿದ್ಧ ಮಾಡಿಕೊಂಡು ಹೋಗಿದ್ದ ತೀರ್ಪನ್ನು ಓದಿದೆ. ಬ್ರಿಟನ್ನು ಯುರೋಪಿನ ಒಕ್ಕೂಟ ಬಿಡುವಾಗ ಇದೇ ಪ್ರಶ್ನೆ ಎದ್ದಿತ್ತು. ಸಂಸತ್ತನ್ನು ಕೇಳದೆ ಸರ್ಕಾರ ತಾನೇ ಪತ್ರ ಬರೆದು ಹೊರಬರಬಹುದೇ ಎಂದು. ಬರುವಂತಿಲ್ಲ, ಸಂಸತ್ತಿನ ಕಾಯ್ದೆಯಿಂದ ಒಳಗೆ ಬಂದದ್ದನ್ನು ಸಂಸತ್ತಿನ ಅಪ್ಪಣೆಯಿಲ್ಲದೆ ಬಿಡುವ ಹಾಗಿಲ್ಲ ಎಂದು ಅಲ್ಲಿನ ದೊಡ್ಡ ಕೋರ್ಟು ಹೇಳಿತು. ನಮಗೆ ಈ ಸರ್ವಸದಸ್ಯರ ಸಭೆಯೇ ಸಂಸತ್ತು, ಒಕ್ಕೂಟಕ್ಕೆ ಸೇರಿದ್ದು ಸಭೆಯ ನಿರ್ಣಯದಿಂದ, ಬಿಡುವುದೂ ಸಭೆಯ ಮತದಿಂದಲೇ ಎಂದೆ. ಚೆನ್ನಾಗಿ ಓದಿದೆ ಎಂದು ಒಳಗೊಳಗೇ ಬೀಗುತ್ತಿದ್ದೆ.

ಆಗ ಹುಬ್ಬಳ್ಳಿಯ ಆಂಟಿಯ ಯಜಮಾನರು ಕೋಲೂರಿ ಎದ್ದರು. ಸಂಘ ಕಟ್ಟಿದ ಹಿರಿಯರು, ಸುಳ್ಳು ಹೇಳಿ ಗೊತ್ತಿಲ್ಲದವರು.

"ತಪ್ಪು ತಿಳಕೋಬ್ಯಾಡ್ರಿ ತಂಗಿ. ಸೇರೂಮುಂದೂ ಓಟು ಗೀಟು ಏನೂ ಆಗಿದ್ದಿಲ್ಲ. ಚಪ್ಪಾಳಿನ ಹೊಡದ್ವಿ. ಮೊದಲನೇದ್ದು ನಾನ ಹೊಡದೆ."

"ನಿಮ್ಮ ಬಾಯಾಗ ಮಣ್ಣು ಹಾಕ!" ಎಂದರು ಆಂಟಿ, ಎಲ್ಲರಿಗೂ ಕೇಳುವ ಹಾಗೆ.

ಅಧ್ಯಕ್ಷರ ಮುಖ ಅರಳಿತು. "ಕೇಳಿದ್ರಾ ಮೇಡಂ? ಚಪ್ಪಾಳೆಯಿಂದ ಒಳಗೆ ಬಂದ್ವಿ, ಚಪ್ಪಾಳೆಯಿಂದ ಹೊರಗೆ ಹೋಗ್ತೀವಿ. ಚಪ್ಪಾಳೆ ನಡೆಯಲ್ಲ ಅಂದ್ರೆ ನಾನೂ ಅಧ್ಯಕ್ಷ ಅಲ್ಲ, ನೀವೂ ಆ ಕುರ್ಚೀಲಿ ಇರೋ ಹಾಗಿಲ್ಲ. ನಿಮ್ಮನ್ನ ಕೂರಿಸಿದ ಕಮಿಟಿನೂ ಚಪ್ಪಾಳೆದೇ."

ನನ್ನ ಕಾನೂನು ನನ್ನ ಕಾಲ ಮೇಲೆಯೇ ಬಿದ್ದಿತ್ತು. ನೀರು ಕುಡಿಯುವ ನೆಪದಲ್ಲಿ ಯೋಚಿಸಿದೆ. ಹಳೆಯ ಚಪ್ಪಾಳೆಗಳಲ್ಲಿ ಯಾವುದು ನಿರ್ಣಯಕ್ಕೆ, ಯಾವುದು ಊಟಕ್ಕೆ ಎಂದು ಬಿಡಿಸುತ್ತ ಕೂತರೆ ಸಂಘವೇ ಉಳಿಯುವುದಿಲ್ಲ. ಬಿಡಿಸುವ ಅಗತ್ಯವಾದರೂ ಏನು? ಚಪ್ಪಾಳೆ ಹೊಡೆದವರು ಎದುರಿಗೇ ಕೂತಿದ್ದರು.

"ಹಳೆಯದನ್ನೆಲ್ಲ ನಾನು ಮುಟ್ಟುವುದಿಲ್ಲ," ಎಂದೆ. "ಆಗ ಯಾರೂ ತಕರಾರು ಮಾಡಲಿಲ್ಲ. ಈಗ ಮಾಡಿದ್ದಾರೆ. ತಕರಾರು ಬಂದಮೇಲೆ ಚಪ್ಪಾಳೆ ಮತವಲ್ಲ. ಈ ತೀರ್ಪು ಒಪ್ಪದವರು ಮೇಲ್ಮನವಿ ಮಾಡಬಹುದು. ಕೇಳಬೇಕಾದದ್ದು ಇದೇ ಸಭೆಯನ್ನು, ಅದೂ ಮತ ಹಾಕಿಯೇ."

ಅಧ್ಯಕ್ಷರು ತಮ್ಮ ಜಾಗಕ್ಕೆ ಹೋಗಿ ಕೂತರು. ಮೇಲ್ಮನವಿ ಮಾಡಿದರೂ ಮತ ಹಾಕಿಸಿದಂತೆಯೇ.

ಚರ್ಚೆ ಶುರುವಾಯಿತು. ಡೆಟ್ರಾಯ್ಟ್‌ನ ವಾಲಂಟಿಯರ್ ಮಾತಾಡುತ್ತಿದ್ದಾಗ ಆ ಹುಡುಗಿಯ ಗಂಡ ಹಿಂದಿನಿಂದ ನಡೆದುಬಂದು ಅವಳ ಕೈಯಿಂದ ಮೈಕು ಕಿತ್ತುಕೊಂಡ.

"ನನ್ನ ಮಗಳನ್ನ ಕದ್ದವಳು ಇವಳೇ."

"ನಿಮ್ಮ ಹೆಂಡ್ತಿ ಕಿವಿ ಬಗ್ಗೆ ಮಾತಾಡೋಣ್ವಾ ಸರ್?" ಎಂದಳು ಅವಳು, ಮೈಕಿಲ್ಲದೆಯೇ.

ಅವನು ಆ ಮೈಕಿನಿಂದಲೇ ಅವಳ ಬಾಯಿಗೆ ಹೊಡೆದ. ಆ ಏಟಿನ ಸದ್ದು ಸ್ಪೀಕರಿನಲ್ಲಿ ಹಾಲ್ ಪೂರ್ತಿ ಕೇಳಿಸಿತು. ಅವಳು ಬಗ್ಗಿದಾಗ ಜಡೆ ಹಿಡಿದೆಳೆದು ಮೊಣಕಾಲಿನಿಂದ ಮುಖಕ್ಕೆ ಗುದ್ದಿದ. ಹಿಡಿಯಲು ಹೋದವರನ್ನು ಅವನ ಸ್ನೇಹಿತರು ಹೊಡೆದರು, ಅವರನ್ನು ಇವರು ಹೊಡೆದರು. ವರ್ಷಗಟ್ಟಲೆ ಒಂದೇ ಪಂಕ್ತಿಯಲ್ಲಿ ಊಟ ಮಾಡಿದವರು ಒಬ್ಬರ ಕತ್ತನ್ನೊಬ್ಬರು ಹಿಡಿದುಕೊಂಡರು. ಒಬ್ಬ ಇನ್ನೊಬ್ಬನ ಕೈಯನ್ನು ಕಚ್ಚಿದ್ದನ್ನು ನಾನೇ ಕಂಡೆ. ಇಬ್ಬರೂ ಎಂಜಿನಿಯರುಗಳು. ನನ್ನ ಮರದ ಸುತ್ತಿಗೆಯ ಸದ್ದು ಒಗ್ಗರಣೆಯಲ್ಲಿ ಸಾಸಿವೆ ಸಿಡಿದಷ್ಟೂ ಕೇಳಲಿಲ್ಲ. ಮಧ್ಯೆ ಹೋಗಿ "ಬಿಡ್ರೋ, ಬಿಡ್ರೋ" ಎನ್ನುತ್ತಿದ್ದ ಹಿರಿಯರ ಹಣೆಗೆ ಆ ಕುರ್ಚಿ ಬಡಿದದ್ದು ಆಗ. ಅವರು ಕೋಲಿನ ಸಮೇತ ಕುಸಿದರು. ಬಿಳಿ ಪಂಚೆಯ ಮೇಲೆ ರಕ್ತ ಹರಡಿತು. ಆಂಟಿ ಮಂಡಿಯೂರಿ ಸೆರಗಿನಿಂದ ಗಾಯ ಒತ್ತಿ ಹಿಡಿದರು.

ವೇದಿಕೆ ಹತ್ತಿ ಬಂದ ಯಾರೋ ನನ್ನನ್ನು ನೂಕಿದರು. ಮೇಜಿನ ಅಂಚಿಗೆ ಬಿದ್ದು ಬಲ ಮುಂಗೈ ಚಟ್ಟೆಂದಿತು. ಆ ನೋವಿನ ನಡುವೆಯೇ ಒಂದು ಕೂಗು ಕೇಳಿಸಿತು. "ಅಡ್ಜರ್ನ್ ಮಾಡಿ ಮೇಡಂ! ಸಭೆ ಅಡ್ಜರ್ನ್ ಮಾಡಿ!" ಗಂಡನ ಸ್ನೇಹಿತನೊಬ್ಬ ಹೊಡೆಯುತ್ತಲೇ ಕೂಗುತ್ತಿದ್ದ. ಆಗ ಅರ್ಥವಾಯಿತು. ನೋಟಿಸಿನ ಗಡುವು ಆ ವಾರವೇ ಮುಗಿಯುತ್ತಿತ್ತು. ಇವತ್ತಿನ ಸಭೆ ಮುರಿದರೆ ಇನ್ನೊಂದು ಕರೆಯಲು ಸಮಯವಿಲ್ಲ. ಮತ ಹಾಕದೆಯೇ ಅವರು ಗೆಲ್ಲುತ್ತಾರೆ.

ಇಂಥ ಗಲಾಟೆಯಲ್ಲಿ ಸಭೆ ಮುಂದೂಡುವುದು ಪೀಠದ ಅಧಿಕಾರ. ಅದನ್ನು ನಾನೇ ಎಷ್ಟೋ ಕಡೆ ಕಲಿಸಿದ್ದೇನೆ. ಅವತ್ತು ಮಾಡಲಿಲ್ಲ.

ಪೊಲೀಸರು ಬಂದರು, ಆಂಬ್ಯುಲೆನ್ಸ್ ಬಂತು. ಹಿರಿಯರನ್ನು ಅವರ ಮಗನ ಜೊತೆ ಆಸ್ಪತ್ರೆಗೆ ಕಳಿಸಿದೆವು. ಆಂಟಿ ಹೋಗಲಿಲ್ಲ. "ಓಟು ಹಾಕಿ ಬರ್ತೀನಿ, ನೀವು ನಡೀರಿ," ಎಂದು ಗಂಡನ ತಲೆ ಸವರಿ ಕಳಿಸಿದರು. ಹೊಡೆದಾಡಿದವರಲ್ಲಿ ಇಬ್ಬರಿಗೆ ಬೇಡಿ ಬಿತ್ತು. ಆ ಗಂಡ ಮಾತ್ರ ಎಲ್ಲೂ ಕಾಣಲಿಲ್ಲ. ಅಡುಗೆಮನೆಯ ಬಾಗಿಲಿನಿಂದ ಓಡಿದನೆಂದು ಯಾರೋ ಹೇಳಿದರು. ಪೊಲೀಸ್ ಅಧಿಕಾರಿ, ಹಾಲ್ ಖಾಲಿ ಮಾಡಿ, ಮಾಲೀಕರ ಅಪ್ಪಣೆಯಾಗಿದೆ ಎಂದ. ಹೊರಗೆ ಪಾರ್ಕಿಂಗ್ ಲಾಟಿನಲ್ಲಿ ನಿಲ್ಲಬಹುದೇ ಎಂದು ಕೇಳಿದೆ. ಹೊಡೆದಾಡದಿದ್ದರೆ ನಿಲ್ಲಿ ಎಂದ.

ಮುರಿದ ಕೈಯನ್ನು ಶಾಲಿನಲ್ಲಿ ಕಟ್ಟಿಕೊಂಡು ಮೇಜಿನ ಮೇಲೆ ಹತ್ತಿದೆ. "ಸಭೆ ಮುಗಿದಿಲ್ಲ. ಇದು ವಿರಾಮ. ಪಾರ್ಕಿಂಗ್ ಲಾಟಿನಲ್ಲಿ ಮುಂದುವರಿಯುತ್ತದೆ. ಚರ್ಚೆ ಸಾಕು, ಈಗ ಮತ."

ಹೊರಗೆ ನಲವತ್ತು ಡಿಗ್ರಿ ಫ್ಯಾರನ್‌ಹೀಟಿನ ಚಳಿ, ಮೇಲೆ ಗಾಳಿ. ರೇಷ್ಮೆ ಸೀರೆಯ ಮೇಲೆ ದಪ್ಪ ಜಾಕೆಟ್ಟು ಹಾಕಿಕೊಂಡು ಜನ ಸಾಲಾಗಿ ನಿಂತರು. ಹಪ್ಪಳ ತುಂಬಿ ತಂದಿದ್ದ ಸ್ಟೀಲ್ ಡಬ್ಬ ಖಾಲಿ ಮಾಡಿಸಿ ಮತಪೆಟ್ಟಿಗೆ ಮಾಡಿದೆ. ಒಂದು ಮಿನಿವ್ಯಾನಿನೊಳಗೆ ಅದನ್ನಿಟ್ಟು, ಒಬ್ಬೊಬ್ಬರೇ ಒಳಗೆ ಹೋಗಿ ಬಾಗಿಲೆಳೆದುಕೊಂಡು ಗುರುತು ಹಾಕಿ ಬರಬೇಕೆಂದೆ. ಒಬ್ಬ ಹೆಂಡತಿಯ ಮಣಿಕಟ್ಟು ಹಿಡಿದುಕೊಂಡೇ ವ್ಯಾನು ಹತ್ತಲು ಬಂದ. "ಕೈ ಬಿಡಿ," ಎಂದೆ. ಬಿಡಲಿಲ್ಲ. ಪೊಲೀಸಿನವನು ಒಂದು ಹೆಜ್ಜೆ ಮುಂದೆ ಬಂದಾಗ ಬಿಟ್ಟ. ಅವಳ ಮಣಿಕಟ್ಟಿನಲ್ಲಿ ಬಳೆಯ ಗುರುತು ಕೆಂಪಗೆ ಮೂಡಿತ್ತು. ಅವಳು ಒಳಗೆ ಹೋಗಿ ಬಹಳ ಹೊತ್ತು ಕೂತಿದ್ದು ಬಂದಳು.

ಕೊನೆಗೆ ದೂರದ ಕಾರಿನ ಬಾಗಿಲು ತೆರೆಯಿತು. ಕಾಗದ ಅಲ್ಲಿಗೇ ತರುತ್ತೇನೆ ಎಂದಿದ್ದೆ, ಅವಳೇ ಇಳಿದು ಬಂದಳು. ದುಪಟ್ಟಾದಲ್ಲಿ ಎಡಗಿವಿ ಮುಚ್ಚಿಕೊಂಡು, ಮಗಳ ಕೈ ಹಿಡಿದುಕೊಂಡು. ಸಾಲು ತಾನಾಗಿಯೇ ದಾರಿ ಬಿಟ್ಟಿತು. ಅವಳು ಮುಂದೆ ಹೋಗದೆ ಸಾಲಿನ ಕೊನೆಯಲ್ಲಿ ನಿಂತಳು. ಅಧ್ಯಕ್ಷರು ತಮ್ಮ ಬೂಟು ನೋಡುತ್ತಿದ್ದರು.

ಬಾನೆಟ್ಟಿನ ಮೇಲೆ ಎಣಿಸಿದೆವು, ಒಂದು ಕಡೆ ಅಧ್ಯಕ್ಷರು, ಇನ್ನೊಂದು ಕಡೆ ಹುಬ್ಬಳ್ಳಿಯ ಆಂಟಿ. ಒಕ್ಕೂಟದಲ್ಲೇ ಇರಬೇಕು ಎಂದವರು ಗೆದ್ದರು. ಅಂತರ ಒಂದು ಕೈಯ ಬೆರಳುಗಳಲ್ಲಿ ಎಣಿಸುವಷ್ಟು. ಫಲಿತಾಂಶ ಓದಿದಾಗ ಅಭ್ಯಾಸಬಲದಿಂದ ಯಾರೋ ಚಪ್ಪಾಳೆ ತಟ್ಟಿದರು, ಒಂದೆರಡು ತಟ್ಟಿ ತಾವೇ ನಿಲ್ಲಿಸಿದರು. ನೋಟಿಸು ಹಿಂತೆಗೆದುಕೊಂಡ ಪತ್ರಕ್ಕೆ ಅಧ್ಯಕ್ಷರು ಅಲ್ಲೇ ಸಹಿ ಹಾಕಿದರು.

ಅಷ್ಟರಲ್ಲಿ ಡೆಟ್ರಾಯ್ಟ್‌ನವಳ ಫೋನು ಹೊಡೆದುಕೊಂಡಿತು. ತುಟಿಗೆ ಮಂಜುಗಡ್ಡೆ ಒತ್ತಿಕೊಂಡೇ ಕೇಳಿಸಿಕೊಂಡಳು. ಅರೋರಾದ ಮನೆಯ ಪಕ್ಕದವರು. ಮನೆಗೆ ಪೊಲೀಸರು ಬಂದಿದ್ದಾರಂತೆ.

ನಾವು ಮುಟ್ಟುವ ಹೊತ್ತಿಗೆ ಆ ಗಂಡನನ್ನು ಕರೆದೊಯ್ದಿದ್ದರು. ಬೇಸ್‌ಬಾಲ್ ಬ್ಯಾಟು ಅಡುಗೆಮನೆಯಲ್ಲೇ ಬಿದ್ದಿತ್ತು. ಟಿವಿ, ಕಿಟಕಿ, ಗಾಜಿನ ಲೋಟ ಒಂದನ್ನೂ ಉಳಿಸಿರಲಿಲ್ಲ. ಮೇಲಿನ ಕೋಣೆಯಲ್ಲಿ ಮಗುವಿನ ಹಾಸಿಗೆ. ತರಕಾರಿ ಹೆಚ್ಚುವ ಚಾಕುವನ್ನು ಅದರ ನಡುಮಧ್ಯಕ್ಕೆ ಹಿಡಿಯವರೆಗೂ ಇಳಿಸಿದ್ದ. ತಾಯಿ-ಮಗಳು ಮನೆಯಲ್ಲಿದ್ದಾರೆಂದುಕೊಂಡೇ ಅವನು ಹಾಲ್‌ನಿಂದ ನೇರ ಇಲ್ಲಿಗೆ ಬಂದದ್ದು. ಕುರ್ಚಿ ಹಾರಿದಾಗಲೇ ನಾನು ಸಭೆ ಮುಂದೂಡಿದ್ದರೆ ಆಂಟಿ ಆಸ್ಪತ್ರೆಗೆ, ತಾಯಿ-ಮಗಳು ಮನೆಗೆ. ನಾನು ಮೆಟ್ಟಿಲ ಮೇಲೆ ಕೂತುಬಿಟ್ಟೆ.

ಮುಂಬಾಗಿಲು ಗಟ್ಟಿಯಾಗಿಯೇ ಇತ್ತು. ಅವನು ಬಂದದ್ದು ಗ್ಯಾರೇಜಿನಿಂದ, ಕೋಡ್ ಒತ್ತಿ. ಕೋಡ್ ಯಾರ್ಯಾರಿಗೆ ಗೊತ್ತು ಎಂದು ಅಲ್ಲಿದ್ದ ಮಹಿಳಾ ಪೊಲೀಸ್ ಕೇಳಿದಳು. ಡ್ರೈವ್‌ವೇಯಲ್ಲಿ ನಿಂತಿದ್ದ ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಒಬ್ಬೊಬ್ಬರಾಗಿ ಕೈ ಎತ್ತಿದೆವು. ಅಧ್ಯಕ್ಷರು, ಆಂಟಿ, ಹಿಂದೆಯೇ ಬಂದಿದ್ದ ಇನ್ನಷ್ಟು ಸದಸ್ಯರು. ನಾನೂ ಎಡಗೈ ಎತ್ತಿದೆ. ಆ ಕೋಡ್ ಸಂಘ ಹುಟ್ಟಿದ ಇಸವಿ. ಸತ್ಯನಾರಾಯಣ ಪೂಜೆಗೆ ಪಾತ್ರೆ ಒಯ್ದವರಿಗೆಲ್ಲ ಗೊತ್ತು. ಬದಲಾಯಿಸಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಅವತ್ತಿಡೀ ನಾನು ಕಂಡ ಸರ್ವಾನುಮತ ಅದೊಂದೇ.

"ಕೋಡ್ ಚೇಂಜ್ ಮಾಡಿಸ್ಬೇಕು. ಮುಂದಿನ ಕಮಿಟಿ ಮೀಟಿಂಗಲ್ಲಿ..." ಎಂದು ಶುರುಮಾಡಿದ ಅಧ್ಯಕ್ಷರು ಅಲ್ಲಿಗೇ ನಿಲ್ಲಿಸಿದರು.

ಆ ಹುಡುಗಿ ನನ್ನತ್ತ ತಿರುಗಿದಳು. "ಇದಕ್ಕೂ ಸಭೆ ಕರೀಬೇಕಾ ಮೇಡಂ?"

"ಬೇಡಮ್ಮ," ಎಂದೆ.

ಅವಳು ಹೊಸ ಕೋಡ್ ಹಾಕಲು ಕೀಪ್ಯಾಡಿನ ಮುಚ್ಚಳ ತೆಗೆದಳು. ಮಗು ನಮ್ಮೆಲ್ಲರ ಮುಂದೆ ಬಂದು, ಪೊಲೀಸಿನವರ ಹಾಗೆ ಎರಡೂ ಕೈ ಅಗಲಿಸಿ ನಿಂತಿತು. "ಡೋಂಟ್ ಲುಕ್, ಎವ್ರಿಬಡಿ."

ಅಧ್ಯಕ್ಷರೇ ಮೊದಲು ಬೆನ್ನು ತಿರುಗಿಸಿದರು. ಆಮೇಲೆ ನಾವೆಲ್ಲರೂ ರಸ್ತೆಯ ಕಡೆ ಮುಖ ಮಾಡಿ ನಿಂತೆವು, ಹಿಂದೆ ಗ್ಯಾರೇಜಿನ ಬಾಗಿಲು ಪೂರ್ತಿ ಇಳಿದ ಸದ್ದು ಕೇಳಿಸುವವರೆಗೆ.